ಬಚ್ಚಲುಮನೆ ಡಾರ್ಕ್‌ರೂಮ್

ಮಗಳು ಬಿ.ಕಾಂ. ಎರಡನೇ ವರ್ಷ. ನಾನು ಫೀಸು ಕಟ್ಟುವುದು ಕಾಸ್ಟ್ ಅಕೌಂಟಿಂಗಿಗೆ, ಅವಳು ಓದುವುದು ಫೋಟೋಗ್ರಫಿ. ಅದೂ ಮೇಷ್ಟ್ರಿಲ್ಲದೆ, ತನ್ನ ಪಾಡಿಗೆ ತಾನೇ. ಮದುವೆಮನೆ ಫೋಟೋ ಆಗಿದ್ದರೆ ನಾಲ್ಕು ಕಾಸಾದರೂ ಬರುತ್ತಿತ್ತು, ಇದು ಕಲೆಯಂತೆ. ಹಾಗಂದಾಗ ಅವಳು ನನ್ನತ್ತ ಬೀರಿದ ನೋಟದಲ್ಲಿ ಫೋಕಸ್ ಇತ್ತು, ಮರ್ಯಾದೆ ಇರಲಿಲ್ಲ.

"ಕಲಿಯೋದಾದ್ರೆ ವಿ.ಕೆ. ಮೂರ್ತಿ ಥರ ಕಲೀಬೇಕಮ್ಮಾ" ಎಂದು ನನ್ನ ಜ್ಞಾನ ಬಿಚ್ಚಿದೆ. "ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಲ್ಲಿ ಶಾಸ್ತ್ರೋಕ್ತವಾಗಿ ಓದಿ, ಗುರುದತ್ ಸಿನಿಮಾಗಳಿಗೆ ಕ್ಯಾಮೆರಾ ಹಿಡಿದು, 2008ರ ಫಾಲ್ಕೆ ಪ್ರಶಸ್ತಿ ತಗೊಂಡ್ರು."

"ಟಿ.ಎಸ್. ಸತ್ಯನ್ ಮಹಾರಾಜಾ ಕಾಲೇಜಲ್ಲಿ ಓದಿದ್ದು ಬಿ.ಎ., ಅಪ್ಪಾ. 1977ರಲ್ಲಿ ಪದ್ಮಶ್ರೀ. 1979ರಲ್ಲಿ ಅವರು ತೆಗೆದ ಮಕ್ಕಳ ಫೋಟೋಗಳ ಪ್ರದರ್ಶನ ವಿಶ್ವಸಂಸ್ಥೇಲಿ ನಡೀತು."

ನಾನು ಪೇಪರ್ ಎತ್ತಿಕೊಂಡೆ.

ಮುಖಚಿತ್ರಕ್ಕೆ ಉತ್ತರದ ಕಿಟಕಿಯ ಬೆಳಕೇ ಶ್ರೇಷ್ಠವಂತೆ. ನೇರ ಬಿಸಿಲು ಕಡಿಮೆ, ನೆರಳು ಮೆತ್ತಗೆ. ಇದನ್ನು ಬರೆದವರು ರಾಮಮೂರ್ತಿ ನಗರದ ಇಪ್ಪತ್ತು-ಮೂವತ್ತರ ಸೈಟು ಕಂಡವರಲ್ಲ. ನಮ್ಮ ಉತ್ತರದ ಕಿಟಕಿ ತೆಗೆದರೆ ಕೈಗೆಟುಕುವುದು ಪಕ್ಕದವರ ಹಳದಿ ಗೋಡೆ. ಅದಕ್ಕೆ ಬಡಿದು ಬಂದ ಬೆಳಕಿನಲ್ಲಿ ತೆಗೆದ ನನ್ನ ಫೋಟೋ ನೋಡಿ ಅತ್ತೆ ಊರಿನಿಂದ ಫೋನ್ ಮಾಡಿ, "ಅಳಿಯಂದ್ರಿಗೆ ಕಾಮಾಲೆ ಕಣೇ, ನೆಲನೆಲ್ಲಿ ಕಷಾಯ ಕೊಡು" ಎಂದರು. ಮಗಳು ವೈಟ್ ಬ್ಯಾಲೆನ್ಸ್ ಸರಿಮಾಡಿ ಇನ್ನೊಂದು ಪ್ರತಿ ಕಳಿಸಿದಳು. ಆದರೂ ಹೆಂಡತಿ ಕಷಾಯ ನಿಲ್ಲಿಸಲಿಲ್ಲ.

ಈಚೆಗೆ ಡಿಜಿಟಲ್ ಸಾಲದೆ ಮನೆಗೆ ಫಿಲ್ಮ್ ಬಂದಿದೆ. ಇರುವುದೊಂದೇ ಬಚ್ಚಲು, ಅದೇ ಡಾರ್ಕ್‌ರೂಮ್. ಕಪ್ಪು-ಬಿಳುಪು ಪ್ರಿಂಟಿನ ಕಾಗದಕ್ಕೆ ಕೆಂಪು ಬೆಳಕು ನಾಟುವುದಿಲ್ಲವೆಂದು ದೇವರ ಮುಂದಿನ ಜೀರೋ ಬಲ್ಬಿಗೆ ಅಲ್ಲಿಗೆ ವರ್ಗವಾಯಿತು. ಡೆವಲಪರ್, ಸ್ಟಾಪ್ ಬಾತ್, ಫಿಕ್ಸರ್ ಮೂರೂ ಟ್ರೇ ದಾಟುವ ತನಕ ಬಾಗಿಲು ತೆಗೆಯುವಂತಿಲ್ಲ. ಟಿನ್ ಫ್ಯಾಕ್ಟರಿಯ ಜಾಮ್ ದಾಟಿ ಆಫೀಸು ಸೇರಬೇಕಾದ ನಾನು ಟವೆಲು ಸುತ್ತಿಕೊಂಡು ಹೊರಗೆ ಕಾಲು ಬದಲಿಸುತ್ತಾ ನಿಂತಿರುತ್ತೇನೆ.

"ತಟ್ಟಬೇಡಿ! ಈಗ ಬೆಳಕು ಬಿದ್ರೆ ಕಲ್ಕೆರೆ ಕೆರೆ ಪೂರ್ತಿ ಕಪ್ಪಾಗುತ್ತೆ!"

ಕಲ್ಕೆರೆ ಕೆರೆ ಉಳಿಯಿತು. ನನ್ನ ಕಥೆ ಬೇಡ.

ಕಾಲೇಜಿನ ಹಬ್ಬದಲ್ಲಿ ಪ್ರದರ್ಶನವೂ ಆಯಿತು. ಇಸ್ತ್ರಿ ಶರ್ಟು ತೊಟ್ಟು ಹೋದೆ. ಅವಳ ಸರಣಿಯ ಹೆಸರು 'ಉಪಯೋಗ ಮುಗಿದವು'. ಎಡಕ್ಕೆ ಕೆಟ್ಟ ಗ್ರೈಂಡರ್, ಬಲಕ್ಕೆ ಚಕ್ರವಿಲ್ಲದ ಸ್ಕೂಟರ್, ನಡುವೆ ಬನಿಯನ್ನಿನಲ್ಲಿ ನಾನು. ಜನ ಗ್ರೈಂಡರ್ ಮುಂದೆ ಹೆಚ್ಚು ಹೊತ್ತು ನಿಂತರು. ಎಫ್/1.8 ಅಪರ್ಚರ್, ಕಣ್ಣಿನ ಮೇಲಷ್ಟೇ ಫೋಕಸ್. ಬೋಳುತಲೆ, ಹೊಟ್ಟೆ ಎರಡೂ ಮಸುಕು. ನಮ್ಮ ಮದುವೆ ಆಲ್ಬಮ್ಮಿನಲ್ಲೂ ನಾನು ಇಷ್ಟು ಚೆನ್ನಾಗಿ ಬಂದಿಲ್ಲ. ಹುಡುಗಿಗೆ ಕೈ ಕುದುರಿದೆ, ಒಪ್ಪಲೇಬೇಕು.

ನೆಂಟರಿಷ್ಟರಲ್ಲಿ ಒಂದು ವಿನಂತಿ. ಸೂರ್ಯ ಮುಳುಗುವ ಮುಂಚಿನ ಒಂದು ಗಂಟೆ ನಮ್ಮ ಮನೆ ಕಡೆ ಬರಬೇಡಿ. ಆ ಬೆಳಕು ಬಂಗಾರವಂತೆ, ತಾರಸಿಗೆ ಹತ್ತಿಸುತ್ತಾಳೆ, ಕಾಫಿ ಸಿಗುವುದಿಲ್ಲ. ಬರಲೇಬೇಕೆಂದರೆ ಒಗೆದ ಬನಿಯನ್ ಹಾಕಿಕೊಂಡು ಬನ್ನಿ.