ಶೇಡ್‌ಕಾರ್ಡ್ ಮೇಷ್ಟ್ರು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ: ಕೆಎಸ್‌ಆರ್‌ಟಿಸಿ ಡಿಪೋ ಇರುವ ಊರಿನಲ್ಲೆಲ್ಲ ಇಂಥವರೊಬ್ಬರು ಇದ್ದೇ ಇರುತ್ತಾರೆ. ನಮ್ಮ ಪಾಲಿಗೆ ಬಂದವರು ಹೈಸ್ಕೂಲ್ ಮೇಷ್ಟ್ರು. ದಿನಾ ಬಸ್ ಸ್ಟ್ಯಾಂಡಿಗೆ ಬರುತ್ತಾರೆ, ಯಾವ ಬಸ್ಸನ್ನೂ ಹತ್ತುವುದಿಲ್ಲ. ನಿಂತ ಬಸ್ಸಿನ ಮಗ್ಗುಲಿಗೆ ಬಣ್ಣದ ಕಾರ್ಡು ಒತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಹೊಸ ಕಂಡಕ್ಟರ್ ಗಾಬರಿಯಾಗಿ “ಏನ್ ಸಾರ್, ಎಫ್‌ಸಿ ಚೆಕಿಂಗಾ?” ಅಂದರೆ, “ಇಲ್ಲಪ್ಪ, ಕೆಂಪು ನೋಡ್ತಿದೀನಿ” ಅನ್ನುತ್ತಾರೆ. ಅವನ ಗಾಬರಿ ಇನ್ನಷ್ಟು ಹೆಚ್ಚುತ್ತದೆ.

ಮೇಷ್ಟ್ರು ಮನೆಯಲ್ಲಿ ಫೋಮ್ ಶೀಟ್ ಕತ್ತರಿಸಿ ಬಸ್ಸು ಮಾಡುತ್ತಾರೆ. 12 ಮೀಟರಿನ ಬಸ್ಸು 1:24ರ ಅಳತೆಗೆ ಅರ್ಧ ಮೀಟರಿಗೆ ಇಳಿಯುತ್ತದೆ. ಚಕ್ರ, ಕಿಟಕಿ ಸರಳು, ಹಿಂದಿನ ಏಣಿ, ಊರಿನ ಬೋರ್ಡು ಎಲ್ಲ ಕಳೆದ ವರ್ಷವೇ ಮುಗಿದಿವೆ. ಬಣ್ಣ ಮಾತ್ರ ಇನ್ನೂ ಚರ್ಚೆಯಲ್ಲಿದೆ.

ಕೆಂಪು ಅಂದರೆ ಯಾವ ಕೆಂಪು? ನಮ್ಮ ದೇಶದ ಮಾನಕ ಬಣ್ಣಗಳ ಪಟ್ಟಿ ಐಎಸ್ 5ರಲ್ಲಿ 537 ಸಿಗ್ನಲ್ ರೆಡ್, 538 ಪೋಸ್ಟ್ ಆಫೀಸ್ ರೆಡ್. ನಮ್ಮ ನಿಮ್ಮ ಕಣ್ಣಿಗೆ ಅಣ್ಣತಮ್ಮಂದಿರು. ಮೇಷ್ಟ್ರ ಕಣ್ಣಿಗೆ ಕೋರ್ಟು ಹತ್ತಿದ ದಾಯಾದಿಗಳು. ಬಣ್ಣದಂಗಡಿಯ ಹುಡುಗ ಮಿಷನ್ನಿನಲ್ಲಿ ಕಲೆಸಿ ಕೊಟ್ಟ ಡಬ್ಬಿ ಟ್ಯೂಬ್‌ಲೈಟಿನಡಿ ಕಾರ್ಡಿಗೆ ತದ್ರೂಪವಾಗಿತ್ತು, ಹೊರಗೆ ಬಿಸಿಲಿಗೆ ಹಿಡಿದರೆ ಕಿತ್ತಳೆಯ ಕಡೆ ವಾಲಿತು. ಬಣ್ಣದ ಪುಡಿ ಬೇರೆ ಬೇರೆಯಾದರೆ ಒಂದು ಬೆಳಕಿನಲ್ಲಿ ಹೊಂದಿದ್ದು ಇನ್ನೊಂದರಲ್ಲಿ ಹೊಂದುವುದಿಲ್ಲ, ನಿಜ. ಹಾಗಂತ ಗಿರಾಕಿಗಳು ಕಾದು ನಿಂತಿರುವಾಗ ಆ ಹುಡುಗನಿಗೆ ಅರ್ಧ ಗಂಟೆ ಪಾಠ ಮಾಡಬೇಕೆ?

ಬಸ್ಸುಗಳಾದರೂ ಒಂದು ಮಾತಿಗೆ ನಿಲ್ಲುತ್ತವೆಯೇ? ಹೊಸದು ಧಗಧಗ ಅನ್ನುತ್ತದೆ. ಬಿಸಿಲಲ್ಲಿ ಬೆಂದ ಹಳೆಯದರ ಮೇಲೆ ಬೆರಳು ಉಜ್ಜಿದರೆ ಮಾಸಲು ಗುಲಾಬಿ ಪುಡಿ ಅಂಟುತ್ತದೆ. ಮೇಷ್ಟ್ರು ಆ ಬೆರಳನ್ನು ತೊಳೆಯದೆ ಮನೆಗೆ ತರುತ್ತಾರೆ, ಸ್ಯಾಂಪಲ್ ಅಂತ. ಅದೇ ಕೆಂಪು ಬೂದು ಪ್ರೈಮರ್ ಮೇಲೆ ಮಂಕು, ಬಿಳಿ ಪ್ರೈಮರ್ ಮೇಲೆ ಲಕಲಕ. ಸಣ್ಣ ಮಾದರಿಗೆ ಅಸಲಿ ಬಣ್ಣವನ್ನೇ ಬಳಿದರೆ ಕಡುವಾಗಿ ಕಾಣುತ್ತದೆ, ಒಂದು ತೊಟ್ಟು ಬಿಳಿ ಸೇರಿಸಬೇಕು ಎಂಬುದು ಈ ಹವ್ಯಾಸದವರ ಹಳೆಯ ವಾದ. ಮೇಷ್ಟ್ರು ಬೆಳಿಗ್ಗೆ ಬಿಳಿ ಸೇರಿಸಿ, ಸಂಜೆ ಅದು ಹೆಚ್ಚಾಯಿತೆಂದು ಕೆಂಪು ಸುರಿಯುತ್ತಾರೆ. 50 ಮಿಲಿ ಡಬ್ಬಿಯ ಬಣ್ಣ ಈಗ ಬಕೆಟ್ಟಿನಲ್ಲಿದೆ.

ಬಣ್ಣದ ಮೇಲೆ ಧೂಳೂ ಬೇಕಲ್ಲ! ಶಿಡ್ಲಘಟ್ಟ ರಸ್ತೆಯ ಅಸಲಿ ಧೂಳನ್ನೇ ಪೇಪರಿನಲ್ಲಿ ಕಟ್ಟಿ ತಂದರು. ಉದುರಿಸಿದರೆ ಅರ್ಧ ಮೀಟರ್ ಬಸ್ಸಿನ ಮೇಲೆ ಅದು ಜಲ್ಲಿಕಲ್ಲಿನಂತೆ ಕಂಡಿತು. ರಾಗಿ ಹಿಟ್ಟಿನ ಜರಡಿ ಹಿಡಿದು ಕೂತರು.

“ರೀ, ಅದು ಮುದ್ದೆ ಹಿಟ್ಟಿನ ಜರಡಿ!” ಅಂತ ಒಳಗಿನಿಂದ ಕೂಗು ಬಂತು. “ಮನೆ ಗೇಟು ತುಕ್ಕು ಹಿಡಿದು ಉದುರ್ತಿದೆ, ಅದಕ್ಕೊಂದು ಕೋಟ್ ಹೊಡೀರಿ ಅಂದ್ರೆ ಕಿವಿಗೇ ಬೀಳಲ್ಲ.”

“ಯಾವ ಬಣ್ಣ?” ಅಂದರು ಮೇಷ್ಟ್ರು.

“ಯಾವುದೋ ಒಂದು!”

ಎಂಥ ಮನೆಗೆ ಅಳಿಯನಾದೆ ಎಂಬಂತೆ ಅವರು ಗೋಡೆಯ ಕಡೆ ತಿರುಗಿದರು.

ಚಿಂತಾಮಣಿ ಬಸ್ಸಿಗೆ ಕಾಯುವವರಿಗೆ ಒಂದು ಕಿವಿಮಾತು: ಕಾರ್ಡು ಹಿಡಿದವರು ಪಕ್ಕ ಬಂದು ನಿಂತರೆ “ಎಲ್ಲಾ ಕೆಂಪೂ ಒಂದೇ ಅಲ್ವಾ ಮೇಷ್ಟ್ರೇ?” ಅಂತ ಮಾತ್ರ ಕೇಳಬೇಡಿ. ಕೊನೇ ಬಸ್ಸೂ ಹೊರಟುಹೋಗುತ್ತದೆ.