ಸಚಿತ್ರಗಾನ ಲಾಭ–ಲುಕ್ಸಾನು ಮೀಮಾಂಸೆ: ದಿಗ್ಗೇವಾಡಿ ಸಿದ್ಧಾಂತ

ಹಾಡಿಗೆ ವಿಡಿಯೋ ಕೂಡಿಸಿದರೆ ಹಾಡು ಹೆಚ್ಚುತ್ತದೆಯೋ ತಗ್ಗುತ್ತದೆಯೋ ಎಂಬ ಮಹಾಪ್ರಶ್ನೆ ಪಾಶ್ಚಾತ್ಯ ಪಂಡಿತರ ನಿದ್ದೆ ಕೆಡಿಸಿದ್ದು 1981ರ ಆಗಸ್ಟ್ 1ರಂದು. ಅಮೆರಿಕದಲ್ಲಿ ಎಂಟಿವಿ ಶುರುವಾದ ದಿನ ಅದು. ವಿಡಿಯೋ ಬಂದು ರೇಡಿಯೋ ಗಾಯಕನನ್ನು ಕೊಂದಿತು ಎಂದು ಗೋಳಾಡುವ ಹಾಡೊಂದನ್ನು ಅವರು ಉದ್ಘಾಟನೆಗೆ ಆರಿಸಿಕೊಂಡರು. ಅದನ್ನೂ ವಿಡಿಯೋದಲ್ಲೇ ತೋರಿಸಿದರು. ಕೊಂದವನೇ ಶ್ರದ್ಧಾಂಜಲಿ ಸಭೆಯ ಅಧ್ಯಕ್ಷನಾಗುವ ಪದ್ಧತಿ ನಮ್ಮ ಕಡೆಗೂ ಇರುವುದರಿಂದ ಆ ಅಂಶವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಒಟ್ಟಿನಲ್ಲಿ ಆ ಪಂಡಿತರ ಪೈಕಿ ಯಾರೂ ರಾಯಬಾಗ ತಾಲೂಕಿನ ದಿಗ್ಗೇವಾಡಿಗೆ ಬಂದು ಹೋದಂತೆ ಕಾಣುವುದಿಲ್ಲ. ಈ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಕ್ಷೇತ್ರದ ಆಯ್ಕೆಗೆ ಕಾರಣವಿದೆ. ಕೃಷ್ಣೆಯ ದಂಡೆಯ ಈ ಸೀಮೆಯಲ್ಲಿ ಒಂದೇ ಹಾಡು ಎರಡು ಶುದ್ಧ ಸ್ಥಿತಿಗಳಲ್ಲಿ ಸಿಗುತ್ತದೆ. ಚಿತ್ರಸಹಿತ ಬೇಕಾದರೆ ಚಹಾದ ಅಂಗಡಿಯ ಬೆಂಚಿನ ಮೇಲೆ, ಮೊಬೈಲಿನಲ್ಲಿ. ಚಿತ್ರರಹಿತ ಬೇಕಾದರೆ ರಸ್ತೆಯಲ್ಲಿ, ಎರಡು ಟ್ರೇಲರ್ ಕಬ್ಬು ಎಳೆದುಕೊಂಡು ಸಕ್ಕರೆ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರಿನ ಸೌಂಡ್ ಬಾಕ್ಸಿನಲ್ಲಿ. ಎರಡನೆಯದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಸೀಜನ್ ಶುರುವಾಯಿತೆಂದರೆ ಅದೇ ಸಂಶೋಧಕನನ್ನು ಹುಡುಕಿಕೊಂಡು ಬರುತ್ತದೆ, ರಾತ್ರಿ ಎರಡಕ್ಕೂ.

ಅಧ್ಯಯನಕ್ಕೆ ಆಯ್ದ ಕೃತಿ ಇದೇ ತಾಲೂಕಿನ ಮಾಳು ನಿಪನಾಳ ಅವರು ಹಾಡಿದ, ಡ್ರೈವರನೊಬ್ಬ ತನ್ನ ಹುಡುಗಿಯ ಮುಂದೆ ಪ್ರೀತಿ ಹೇಳಿಕೊಳ್ಳುವ ಹಾಡು. ಯೂಟ್ಯೂಬಿನಲ್ಲಿ ಕೋಟಿಗಟ್ಟಲೆ ವೀಕ್ಷಣೆ ಕಂಡು, 2025ರಲ್ಲಿ ಹಾಡುಗಾರನನ್ನು ಬಿಗ್ ಬಾಸ್ ಮನೆಯೊಳಗೂ ಹೊಗಿಸಿದ ಹಾಡಿಗೆ ಬೇರೆ ಪರಿಚಯ ಬೇಡ. ‘ವೀಕ್ಷಣೆ’ ಎಂಬ ಲೆಕ್ಕದಲ್ಲೇ ಒಂದು ಮೋಸವಿದೆಯೆಂಬುದನ್ನು ಮಾತ್ರ ಗಮನಿಸಬೇಕು. ಮೊಬೈಲನ್ನು ಅಂಗಿಯ ಜೇಬಿಗೆ ಹಾಕಿ, ಹಾಡು ಹಚ್ಚಿ, ಇಡೀ ಮುಂಜಾನೆ ಹೊಲಕ್ಕೆ ನೀರು ಹಾಯಿಸುವವನನ್ನೂ ಯೂಟ್ಯೂಬ್ ವೀಕ್ಷಕ ಎಂದೇ ಬರೆದುಕೊಳ್ಳುತ್ತದೆ. ಜೇಬಿನ ಬಟ್ಟೆಯ ಒಳಮೈಯನ್ನು ಅಷ್ಟು ಸಲ ನೋಡಿದ ನಾಯಕಿ ಭರತಖಂಡದಲ್ಲಿ ಮತ್ತೊಬ್ಬಳಿಲ್ಲ.

ಈಗ ಶಾಸ್ತ್ರಪ್ರಮಾಣ. ಸಂಗೀತವೆಂದರೆ ಕಿವಿಯ ವಿಷಯ, ಕಣ್ಣಿಗೆ ಅಲ್ಲಿ ಕೆಲಸವಿಲ್ಲ ಎಂದು ವಾದಿಸುವ ಶುದ್ಧಕರ್ಣವಾದಿಗಳು ಶಾರ್ಙ್ಗದೇವನ ‘ಸಂಗೀತರತ್ನಾಕರ’ವನ್ನು ಕೊನೆಯವರೆಗೆ ಓದಿದವರಲ್ಲ. ಏಳು ಅಧ್ಯಾಯಗಳ ಆ ಗ್ರಂಥದಲ್ಲಿ ಕೊನೆಯದು ಪೂರ್ತಿ ನರ್ತನಕ್ಕೆ ಮೀಸಲು. ಹಾಡು, ವಾದ್ಯ, ಕುಣಿತ ಮೂರೂ ಸೇರಿದರೇ ಸಂಗೀತ ಎಂಬುದು ಆತನ ಪಕ್ಷ. ದೇವಗಿರಿಯ ಆ ವಿದ್ವಾಂಸನ ಮಾತು ಇಲ್ಲಿಗೇಕೆ ಎಂದು ಕೇಳುವವರಿಗೆ ಉತ್ತರ ಸಿದ್ಧವಿದೆ: ಆತನಿಗೆ ಆಶ್ರಯ ಕೊಟ್ಟ 13ನೇ ಶತಮಾನದ ಯಾದವ ಸಿಂಘಣನ ಆಳ್ವಿಕೆ ಕೃಷ್ಣೆಯನ್ನು ದಾಟಿ ತೆಂಕಣಕ್ಕೂ ಚಾಚಿತ್ತು. ಆದ್ದರಿಂದ ಕಾಲುವೆಯ ಏರಿಯ ಮೇಲೆ ಕಪ್ಪು ಕನ್ನಡಕ ಹಾಕಿ ಕುಣಿಯುವ ನಾಯಕನಟ ಶಾಸ್ತ್ರಬಾಹಿರನಲ್ಲ, ಏಳನೇ ಅಧ್ಯಾಯದವನು. ಕನ್ನಡಕದ ಬಗ್ಗೆ ಮಾತ್ರ ಶಾರ್ಙ್ಗದೇವ ಮೌನ ವಹಿಸಿದ್ದಾನೆ.

ಧ್ವನಿಮುದ್ರಣದ ಇತಿಹಾಸವೂ ಶುದ್ಧಕರ್ಣವಾದಿಗಳ ಕೈ ಹಿಡಿಯುವುದಿಲ್ಲ. ಭಾರತದಲ್ಲಿ 1902ರಲ್ಲಿ ಗೌಹರ್ ಜಾನ್ ಹಾಡಿದ್ದು ತಟ್ಟೆಗೆ ಇಳಿದಾಗ ಸಂಗೀತ ದೇಹ ಕಳಚಿ ಬರೀ ಧ್ವನಿಯಾಯಿತು ಎನ್ನುತ್ತಾರೆ. ಆದರೆ ಗ್ರಾಮೋಫೋನ್ ಕಂಪನಿ 1899ರಲ್ಲೇ ಒಂದು ನಾಯಿಯ ಚಿತ್ರ ಕೊಂಡಿತ್ತು. ಮುಂದೆ ಅದನ್ನು ತಟ್ಟೆಯ ನಡುವೆ ಅಂಟಿಸಿತು. ತಟ್ಟೆ ತಿರುಗಿದಂತೆ ನಾಯಿಯೂ ತಿರುಗಿತು. ಹುಬ್ಬಳ್ಳಿಯ ಗಂಗೂಬಾಯಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹಾಡಿದ ತಟ್ಟೆಗಳನ್ನು ನಮ್ಮ ಹಿರಿಯರು ಕೇಳಿದ್ದೂ ಆ ನಾಯಿಯನ್ನು ನೋಡುತ್ತಲೇ. ನಾಯಕಿಯೂ ಇಲ್ಲದೆ, ಹೊರಾಂಗಣ ಚಿತ್ರೀಕರಣವೂ ಇಲ್ಲದೆ ದಶಕಗಟ್ಟಲೆ ಓಡಿದ ಮ್ಯೂಸಿಕ್ ವಿಡಿಯೋ ಅದು. ಆ ನಾಯಿ ಹಾಡು ಕೇಳುವಾಗ ಬೇರೆ ಕಡೆ ನೋಡಿದ್ದನ್ನು ಯಾರೂ ಕಂಡಿಲ್ಲ. ಏಕಾಗ್ರತೆಯಲ್ಲಿ ಇಂದಿನ ವೀಕ್ಷಕನಿಗಿಂತ ಅದು ಮೇಲು.

1988ರ ‘ಮಿಲೇ ಸುರ್ ಮೇರಾ ತುಮ್ಹಾರಾ’ ಇನ್ನೊಂದು ತೊಡಕನ್ನು ಮುಂದಿಡುತ್ತದೆ. ಗದುಗಿನ ಭೀಮಸೇನ ಜೋಶಿಯವರನ್ನು ಜಲಪಾತದ ಮುಂದೆ ನಿಲ್ಲಿಸಿ ಹಾಡು ಶುರು ಮಾಡಿಸಿದರು. ಹಾಡುವಾಗ ಎರಡೂ ಕೈಗಳಿಂದ ಸ್ವರಗಳನ್ನು ಎಳೆದು, ಹಿಂಡಿ, ಎಸೆಯುವ ಮನುಷ್ಯನ ಹಿಂದೆ ನೀರು ಬೇರೆ ಬೀಳಬೇಕಿತ್ತೆ? ಅವರ ಕೈಗಳೇ ಜಲಪಾತ. ಈ ವಿಡಿಯೋದಲ್ಲಿ ಕೂಡಿದ್ದು ನೀರು ಮಾತ್ರ ಎಂಬುದು ನನ್ನ ಖಚಿತ ಅಭಿಪ್ರಾಯ, ವಿರೋಧವಿದ್ದವರು ಬೇರೆ ಪ್ರಬಂಧ ಬರೆಯಬಹುದು.

ಇನ್ನು ದೇಶೀ ಪರಂಪರೆ. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತ, ಗೀಗೀ ಮೇಳ, ಡೊಳ್ಳಿನ ಪದ ಇವುಗಳಲ್ಲಿ ಯಾವುದನ್ನೂ ಈ ಭಾಗದ ಜನ ಕಣ್ಣು ಮುಚ್ಚಿ ಕೇಳಿದವರಲ್ಲ. (ನಸುಕಿನ ಮೂರು ಗಂಟೆಯ ನಂತರ ಮುಚ್ಚಿದ ಕಣ್ಣುಗಳನ್ನು ಪ್ರಮಾಣವಾಗಿ ಸ್ವೀಕರಿಸಿಲ್ಲ.) ಹಾಗಾದರೆ ವಿಡಿಯೋ ಹಳೆಯದೇ, ಹೊಸದೇನು? ಹೊಸದೊಂದಿದೆ. ಪಾರಿಜಾತದಲ್ಲಿ ಸತ್ಯಭಾಮೆಯಾಗಿ ಕಂಡವಳೇ ಹಾಡುತ್ತಿದ್ದಳು. ಕಂಠ ಕೆಟ್ಟರೆ ಪಾತ್ರವೂ ಕೆಡುತ್ತಿತ್ತು. ಈಗ ಕಾಣುವವನು ಹಾಡುವುದಿಲ್ಲ, ತುಟಿ ಅಲ್ಲಾಡಿಸುತ್ತಾನೆ. ಪದದ ಕೊನೆಯ ನುಡಿಯಲ್ಲಿ ಕವಿ ತನ್ನ ಊರು, ಗುರು, ಹೆಸರು ಹಾಕಿ ಅಂಕಿತ ಬಿಡುವ ರೂಢಿ ಮಾತ್ರ ಗಟ್ಟಿಯಾಗಿ ಉಳಿದಿದೆ. ನಡುವೆ ಮೊಬೈಲ್ ನಂಬರು ತೆರೆಯ ಕೆಳಗೆ ಓಡಿದರೆ ಅದನ್ನು ವಚನಕಾರರ ಅಂಕಿತದ ವಿಕಾಸವೆಂದೇ ತಿಳಿಯಬೇಕು. ಕೂಡಲಸಂಗಮದೇವನಿಗೆ ಯಾರೂ ಮಿಸ್ಡ್ ಕಾಲ್ ಕೊಡುವಂತಿರಲಿಲ್ಲ, ವ್ಯತ್ಯಾಸ ಅಷ್ಟೇ.

ಈಗ ಪ್ರಯೋಗಕ್ಕೆ ಬರೋಣ. ಚಲಿಸುವ ವಸ್ತುವಿನ ಧ್ವನಿ ಹತ್ತಿರ ಬರುವಾಗ ಏರಿ, ದೂರ ಹೋಗುವಾಗ ಇಳಿಯುತ್ತದೆಂದು ಡಾಪ್ಲರ್ ಹೇಳಿದ್ದು 1842ರಲ್ಲಿ. ಅದು ಸುಳ್ಳೆಂದು ತೋರಿಸಹೊರಟ ಡಚ್ ವಿಜ್ಞಾನಿಯೊಬ್ಬ 1845ರಲ್ಲಿ ಉಟ್ರೆಕ್ಟ್ ಹತ್ತಿರ ರೈಲಿನ ಮೇಲೆ ತುತ್ತೂರಿ ಊದುವವರನ್ನು ಕೂಡ್ರಿಸಿ, ಹಳಿಯ ಪಕ್ಕ ಸ್ವರಜ್ಞಾನವಿದ್ದವರನ್ನು ನಿಲ್ಲಿಸಿ, ಕೊನೆಗೆ ನಿಜವೆಂದು ಒಪ್ಪಿಕೊಂಡ. ದಿಗ್ಗೇವಾಡಿಯಲ್ಲಿ ಇದೇ ಪ್ರಯೋಗ ಅನುದಾನವಿಲ್ಲದೆ ನಡೆಯುತ್ತದೆ. ತಾಸಿಗೆ 20 ಕಿಲೋಮೀಟರ್ ವೇಗದಲ್ಲಿ ಕಬ್ಬಿನ ಟ್ರ್ಯಾಕ್ಟರ್ ನಮ್ಮನ್ನು ದಾಟಿದಾಗ ಹಾಡು ಎಷ್ಟು ಇಳಿಯುತ್ತದೆ? ಗಾಳಿಯಲ್ಲಿ ಶಬ್ದದ ವೇಗ ಹಿಡಿದು ಲೆಕ್ಕ ಹಾಕಿದರೆ ಸುಮಾರು ನೂರಕ್ಕೆ ಮೂರರಷ್ಟು. ಸಪ್ತಕವನ್ನು 22 ಶ್ರುತಿಗಳಾಗಿ ಸಮನಾಗಿ ಹಂಚಿದರೆ ಇದು ಹೆಚ್ಚುಕಡಿಮೆ ಸರಿಯಾಗಿ ಒಂದು ಶ್ರುತಿ! ಹತ್ತಿರದ ಮಿರಜದಲ್ಲಿ ಅಬ್ದುಲ್ ಕರೀಮ್ ಖಾನರು ಜೀವ ತೇದು ಸಾಧಿಸಿದ ಸೂಕ್ಷ್ಮವನ್ನು ಟ್ರ್ಯಾಕ್ಟರ್ ಮೂರನೇ ಗೇರಿನಲ್ಲಿ ಕೊಡುತ್ತದೆ. ಬೆಂಚಿನ ಮೇಲೆ ಕುಂತು ಮೊಬೈಲ್ ನೋಡುವವನಿಗೆ ಈ ಮೀಂಡ್ ಸಿಗುವುದಿಲ್ಲ. ಅವನಿಗೆ ಹಲಗಿಯ ಪೆಟ್ಟೂ ಸಿಗುವುದಿಲ್ಲ, ಏಕೆಂದರೆ ಉಗುರಿನಷ್ಟು ಸ್ಪೀಕರಿನಿಂದ ಮಂದ್ರದ ನಾದ ಹೊರಡುವುದೇ ಇಲ್ಲ. ಚಿತ್ರ ಹಾಡನ್ನು ತಿಂದಿತು ಎಂದು ದೂರುವವರು ಕಳ್ಳನನ್ನು ಬಿಟ್ಟು ಪಕ್ಕದಲ್ಲಿ ನಿಂತವನನ್ನು ಹಿಡಿದಿದ್ದಾರೆ.

ಇಷ್ಟಾದರೂ ಚಿತ್ರ ನಿರಪರಾಧಿಯಲ್ಲ. ಹಾಡಿನೊಳಗಿನ ಹುಡುಗಿ ಮೊದಲು ಎಲ್ಲ ಡ್ರೈವರರಿಗೂ ಸಮಪಾಲಿನ ಆಸ್ತಿಯಾಗಿದ್ದಳು. ಒಬ್ಬನಿಗೆ ಅವಳು ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಮೈಗೆಲ್ಲ ಭಂಡಾರ ಮೆತ್ತಿಕೊಂಡು ನಿಂತವಳು, ಇನ್ನೊಬ್ಬನಿಗೆ ಕುಡಚಿ ಸ್ಟೇಷನ್ನಿನಲ್ಲಿ ರೈಲು ಹತ್ತಿದವಳು. ವಿಡಿಯೋ ಬಂದು ಆಸ್ತಿಯನ್ನೆಲ್ಲ ಒಬ್ಬಳದೇ ಮುಖದ ಹೆಸರಿಗೆ ಖಾತೆ ಮಾಡಿಸಿತು. ಉಳಿದವರಿಗೆ ನೋಟೀಸೂ ಬರಲಿಲ್ಲ. ಕೂಡಿದ್ದೇನು ಕಳೆದದ್ದೇನು ಎಂಬ ಲೆಕ್ಕದಲ್ಲಿ ನನಗೆ ಕಂಡ ನಿಜವಾದ ಲುಕ್ಸಾನು ಇದೊಂದೇ.

ಈ ಸಿದ್ಧಾಂತವನ್ನು ಸಂಬಂಧಪಟ್ಟ ಡ್ರೈವರನೊಬ್ಬನ ಮುಂದೆ ಮಂಡಿಸಲಾಯಿತು. “ಗಾಡಿ ಹೊಡಿಯಾಂವ ಮೊಬೈಲ್ ನೋಡಕೋತ ಕುಂತರ ಕಬ್ಬು ಕಾಲವಿಗೆ ಹೋಕ್ಕೈತ್ರಿ ಸರ. ರೋಡಿನ್ಯಾಗ ನಮ್ಮ ಹುಡುಗಿ ನಮ್ಮಾಕೀನ,” ಎಂದ ಅವನು. ಸಿದ್ಧಾಂತ ನಿಂತಿತು ಎಂದು ಬರೆದುಕೊಳ್ಳುವಷ್ಟರಲ್ಲಿ, “ಕಾರ್ಖಾನ್ಯಾಗ ಪಾಳಿ ಹಚ್ಚಿ ನಿಂತಾಗ ಮಾತ್ರ ವಿಡಿಯೋದಾಕೀರಿ,” ಎಂದು ಸೇರಿಸಿದ. ಯಾರ್ಡಿನ ಪಾಳಿ ಕೆಲವೊಮ್ಮೆ ರಾತ್ರಿಯೆಲ್ಲ ಕರಗುವುದಿಲ್ಲ. ಅಂದರೆ ಒಬ್ಬನೇ ಮನುಷ್ಯ ರಸ್ತೆಯಲ್ಲಿ ಶುದ್ಧಕರ್ಣವಾದಿ, ಯಾರ್ಡಿನಲ್ಲಿ ದೃಶ್ಯವಾದಿ. ಪಂಥಭೇದಕ್ಕೆ ಕಾರಣ ಅಭಿರುಚಿಯಲ್ಲ, ಹ್ಯಾಂಡ್‌ಬ್ರೇಕ್.

ಅಂತಿಮ ತೀರ್ಮಾನಕ್ಕೆ ಒಂದು ವಿಧಾನ ಸೂಚಿಸಿದೆ. ಕಾರ್ಖಾನೆಯ ಕಾಟಾದ ಮೇಲೆ ಮೊದಲು ತುಂಬಿದ ಗಾಡಿ, ಆಮೇಲೆ ಖಾಲಿ ಗಾಡಿ ತೂಗುತ್ತಾರೆ, ಉಳಿದದ್ದು ಕಬ್ಬು. ಹಾಗೆಯೇ ವಿಡಿಯೋ ಸಮೇತ ಒಮ್ಮೆ, ವಿಡಿಯೋ ಇಳಿಸಿ ಒಮ್ಮೆ ತೂಗಿದರೆ ಹಾಡೆಷ್ಟು, ಚಿತ್ರವೆಷ್ಟು ಗೊತ್ತಾಗುತ್ತದಲ್ಲ? ಡ್ರೈವರ್ ಬಹಳ ಹೊತ್ತು ನನ್ನ ಮುಖವನ್ನೇ ನೋಡಿ ಕೇಳಿದ: “ಕಾಟಾ ಯಾರದ್ರಿ ಸರ? ಕಾರ್ಖಾನಿದ ಇದ್ರ ನಾ ಒಲ್ಲೆ.”