ಎಂಟು ಗಂಟೆಯ ಬೊಂಬಾಯಿ

ಮುಂಬೈ ವಿಮಾನ ನಿಲ್ದಾಣದ ಸುತ್ತಲಿನ ಅಂಧೇರಿ, ಚಕಾಲಾ, ಮರೋಳ್, ಸಹಾರ್ ಕಡೆ ಮನೆ ಮಾಡಿದವರಿಗೆ ನೆಂಟರ ಬರ ಬರುವುದಿಲ್ಲ. ಹಿಂದೆ ಈ ಯೋಗ ಊರಿನ ರೈಲು ಹೊರಡುವ ಕುರ್ಲಾ ಟರ್ಮಿನಸ್ ಹತ್ತಿರದವರಿಗಿತ್ತು, ಈಗ ನಮ್ಮ ಪಾಲಿಗೆ ಬಂದಿದೆ. ಅಮೆರಿಕದಿಂದ ಮಂಗಳೂರಿನ ಬಜ್ಪೆಗೆ ನೇರ ವಿಮಾನವಿಲ್ಲ. ಊರಿಗೆ ಹೊರಟ ಮಕ್ಕಳು ಮೊಮ್ಮಕ್ಕಳಿಗೆ ನಡುವೆ ಎಲ್ಲಾದರೂ ಒಂದು ರಾತ್ರಿ ಕಳೆಯುವ ಪ್ರಾರಬ್ಧ ಇದ್ದದ್ದೇ. ಆ 'ಎಲ್ಲಾದರೂ' ಎಂಬುದು ತಿರುಗಾಡಿ ಕೊನೆಗೆ ನಮ್ಮ ಹಾಲಿನ ಸೋಫಾದ ಮೇಲೆ ಬಂದು ಕೂರುತ್ತದೆ.

ಮೊನ್ನೆ ನ್ಯೂಜೆರ್ಸಿಯಿಂದ ಅಕ್ಕನ ಮಗ ಫೋನ್ ಮಾಡಿದ.

"ಮಾವ, ಮುಂಬೈಯಲ್ಲಿ ಎಂಟು ಗಂಟೆ ಲೇಓವರ್ ಇದೆ. ಏನು ಮಾಡಬಹುದು?"

"ನಿದ್ದೆ ಮಾಡಬಹುದು."

"ಅಲ್ಲ ಮಾವ, ಪೂರಾ ಎಂಟು ಗಂಟೆ! ಮರೀನ್ ಡ್ರೈವ್, ಗೇಟ್‌ವೇ, ಮಾಟುಂಗದಲ್ಲಿ ರಾಮ ನಾಯಕರ ಊಟ, ಆಮೇಲೆ ನಿಮ್ಮಲ್ಲಿಗೆ ಬಂದು ಅತ್ತೆಯ ಕೈಯ ನೀರುದೋಸೆ. ಬೆಳಿಗ್ಗೆ ಆರಕ್ಕೆ ಫ್ಲೈಟು."

ಹುಡುಗ ಸಾಫ್ಟ್‌ವೇರಿನವ, ಎಕ್ಸೆಲ್ ಶೀಟನ್ನೇ ಕಳಿಸಿದ. ಅದರಲ್ಲಿ ಅತ್ತೆಯ ನೀರುದೋಸೆಗೆ 25 ನಿಮಿಷ, 'ಮಾವನ ಜೊತೆ ಮಾತುಕತೆ' ಎಂಬುದಕ್ಕೆ 10 ನಿಮಿಷ ಇಟ್ಟಿದ್ದ. ಅಕ್ಕಿ ನೆನೆಹಾಕುವ ಸಮಯಕ್ಕೆ ಕಾಲಂ ಇರಲಿಲ್ಲ.

ಅವನ ಎಂಟು ಗಂಟೆಯನ್ನು ಬಿಡಿಸಿ ನೋಡೋಣ. ವಿಮಾನ ರಾತ್ರಿ ಹತ್ತಕ್ಕೆ ಇಳಿಯುತ್ತದೆ. ಇಮಿಗ್ರೇಷನ್ ಸಾಲು, ಬೆಲ್ಟಿನ ಮುಂದೆ ಧ್ಯಾನ, ಕಸ್ಟಮ್ಸ್ ಮುಗಿಸಿ ಹೊರಗೆ ಕಾಲಿಡುವಾಗ ಹನ್ನೊಂದೂವರೆ. ಅದೂ ದೇವರ ದಯೆಯಿದ್ದರೆ. ಬೆಳಿಗ್ಗೆ ಆರರ ವಿಮಾನಕ್ಕೆ ನಾಲ್ಕಕ್ಕೆ ಬಾಗಿಲಲ್ಲಿ ಹಾಜರಿರಬೇಕು. ಉಳಿದದ್ದು ನಾಲ್ಕೂವರೆ ಗಂಟೆ. ವಿದೇಶದಿಂದ ಬಂದವರು ಮೊದಲು ಇಳಿದ ಊರಿನಲ್ಲೇ ಪೆಟ್ಟಿಗೆ ಬಿಡಿಸಿಕೊಂಡು ಕಸ್ಟಮ್ಸ್ ದಾಟಬೇಕೆಂಬುದು ಸಾಮಾನ್ಯವಾಗಿ ನಮ್ಮ ದೇಶದ ನಿಯಮ. ಒಂದೇ ಟಿಕೆಟ್ ಆದರೆ ಅಲ್ಲೇ ಕೌಂಟರಿನಲ್ಲಿ ಮತ್ತೆ ಒಪ್ಪಿಸಿ ಕೈಬೀಸಿಕೊಂಡು ಬರಬಹುದು. ಇವನೋ ನಾಲ್ಕು ಕಾಸು ಉಳಿಸಲು ಬಜ್ಪೆಯ ಟಿಕೆಟನ್ನು ಬೇರೆ ತೆಗೆದವ. ಹಾಗಾಗಿ 23 ಕಿಲೋದ ಎರಡು ಪೆಟ್ಟಿಗೆ, ಅದರೊಳಗಿನ ಬಾದಾಮಿ, ಚಾಕೊಲೇಟು, ಇಡೀ ಕುಟುಂಬದ ವಿಟಮಿನ್ ಮಾತ್ರೆ, ಎಲ್ಲವೂ ಅವನೊಡನೆ ಗೇಟ್‌ವೇ ಆಫ್ ಇಂಡಿಯಾ ನೋಡಲು ಬರುತ್ತವೆ.

ಬರಲಿ. ಯಾವುದರಲ್ಲಿ? ವಿಮಾನ ನಿಲ್ದಾಣದ ಅಡಿಯಲ್ಲೇ ಈಗ ಮೆಟ್ರೋ ಇದೆ. ಆರೆಯಿಂದ ಕಫ್ ಪರೇಡ್‌ವರೆಗಿನ ಈ ಮಾರ್ಗ 2025ರ ಅಕ್ಟೋಬರಿನಲ್ಲಿ ಪೂರ್ತಿ ತೆರೆಯಿತು. ಎರಡು ಟರ್ಮಿನಲ್ಲಿಗೂ ಒಂದೊಂದು ಸ್ಟೇಷನ್. ಆದರೆ ರಾತ್ರಿ ಹತ್ತೂವರೆ ಸುಮಾರಿಗೆ ಕೊನೆಯ ಗಾಡಿ. ಪರದೇಶದ ವಿಮಾನಗಳು ಗುಂಪುಗುಂಪಾಗಿ ಇಳಿಯುವ ಹೊತ್ತಿಗೆ ಕಾಲಡಿಯ ಮೆಟ್ರೋ ಗೊರಕೆ ಹೊಡೆಯುತ್ತಿರುತ್ತದೆ. ಲೋಕಲ್ ರೈಲು ಒಂದರ ಸುಮಾರಿಗೆ ಮಲಗಿ ನಾಲ್ಕರ ಸುಮಾರಿಗೆ ಏಳುತ್ತದೆ. 'ನಿದ್ದೆ ಮಾಡದ ನಗರ' ಎಂಬ ಬಿರುದು ಕೊಟ್ಟವರು ರಾತ್ರಿ ಎರಡಕ್ಕೆ ಅಂಧೇರಿ ಸ್ಟೇಷನ್ನಿನ ಹೊರಗೆ ರಿಕ್ಷಾ ಡ್ರೈವರನನ್ನು ಎಬ್ಬಿಸಿ ನೋಡಿದವರಲ್ಲ. ನಗರವನ್ನು ಇಪ್ಪತ್ತನಾಲ್ಕು ಗಂಟೆ ತೆರೆದಿಡಲು 2020ರ ಜನವರಿಯಲ್ಲಿ ರಾಜ್ಯದ ಸಂಪುಟ ಒಪ್ಪಿಗೆಯನ್ನೇನೋ ಕೊಟ್ಟಿತು. ಮಾರ್ಚಿನಲ್ಲಿ ಕೊರೊನಾ ಬಂದು ಹಗಲಿಗೂ ಬೀಗ ಹಾಕಿತು.

ಟ್ಯಾಕ್ಸಿಯಲ್ಲಿ ಹೋದ ಅನ್ನಿ. ಪ್ರೀಮಿಯರ್ ಪದ್ಮಿನಿಯ ಪಕ್ಕ ನಿಂತು ಫೋಟೋ ಬೇಕಂತೆ. ಆ ಮಾದರಿಯ ಕಾಲಿ-ಪೀಲಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲೇ ರಸ್ತೆಯಿಂದ ನಿವೃತ್ತಿಯಾಯಿತು. ರಾಮ ನಾಯಕರು 1942ರಲ್ಲಿ ಶುರು ಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಮಾಟುಂಗದಲ್ಲಿ ಇವತ್ತಿಗೂ ಬಾಳೆಲೆ ಹಾಕುತ್ತದೆ, ಆದರೆ ನಡುರಾತ್ರಿ ಒಂದಕ್ಕಲ್ಲ. ಇನ್ನು ಮರೀನ್ ಡ್ರೈವಿನಲ್ಲಿ ಆ ಹೊತ್ತಿಗೆ ಸಮುದ್ರ ಕಾಣುವುದಿಲ್ಲ, ಕೇಳುತ್ತದೆ ಅಷ್ಟೆ. ಊರಿನ ಪಣಂಬೂರು ಬೀಚಿನಲ್ಲೂ ಅದೇ ಸಮುದ್ರ. ಅಲ್ಲಿ ಪೆಟ್ಟಿಗೆ ಕಾಯುವ ಕೆಲಸವಿಲ್ಲ.

ವಿಮಾನಗಳೆಲ್ಲ ನಡುರಾತ್ರಿಗೇ ಯಾಕೆ ಎಂದು ಅವನ ಅತ್ತೆ ಕೇಳುತ್ತಾಳೆ. ಪಶ್ಚಿಮದವರಿಗೆ ಬೆಳಿಗ್ಗೆ ಇಳಿದರೆ ಅನುಕೂಲ. ಫ್ರಾಂಕ್‌ಫರ್ಟಿನಲ್ಲಂತೂ 2011ರಿಂದ ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಐದರವರೆಗೆ ವೇಳಾಪಟ್ಟಿಯಲ್ಲಿ ವಿಮಾನವನ್ನೇ ಇಡುವಂತಿಲ್ಲ. ಜರ್ಮನಿಯವರ ನಿದ್ದೆಗೆ ಕೋರ್ಟಿನ ರಕ್ಷಣೆ, ಅಂಧೇರಿಯವರ ನಿದ್ದೆಗೆ ಕಿವಿಯಲ್ಲಿ ಹತ್ತಿ. ಜರಿಮರಿಯ ಮನೆಗಳು ನಿಲ್ದಾಣದ ಗೋಡೆಗೇ ಅಂಟಿಕೊಂಡಿವೆ. ಅಲ್ಲಿಯವರು ಪ್ರತಿ ರಾತ್ರಿಯನ್ನೂ ವಿಮಾನ ನಿಲ್ದಾಣದ ಹತ್ತಿರವೇ ಕಳೆಯುತ್ತಾರೆ, ಹೇಗೆ ಕಳೆಯಲಿ ಎಂದು ಯಾರಿಗೂ ಫೋನ್ ಮಾಡುವುದಿಲ್ಲ.

ಹೋಟೆಲ್ ರೂಮು ಮಾಡು ಎಂದು ಅಕ್ಕನ ಮಗನಿಗೆ ಹೇಳಿದೆ. ಸಹಾರ್ ರಸ್ತೆಯಲ್ಲಿ ಹೋಟೆಲಿಗೇನು ಬರ? ಮಧ್ಯಾಹ್ನ ಎರಡಕ್ಕೆ ಚೆಕ್-ಇನ್, ಮರುದಿನ ಹನ್ನೊಂದಕ್ಕೆ ಚೆಕ್-ಔಟ್. ನಡುರಾತ್ರಿ ಬಂದು ನಾಲ್ಕಕ್ಕೆ ಎದ್ದು ಹೋಗುವವನೂ ಇಡೀ ದಿನದ ಬಾಡಿಗೆ ಕೊಡಬೇಕು. ಟರ್ಮಿನಲ್ ಒಳಗೇ ಗಂಟೆ ಲೆಕ್ಕದಲ್ಲಿ ಮಲಗಿಸುವ ವ್ಯವಸ್ಥೆಯೂ ಉಂಟು. ದರ ಕೇಳಿದ ಮೇಲೆ ನಿದ್ದೆ ತಾನಾಗಿಯೇ ಹಾರಿಹೋಗುತ್ತದೆ, ರೂಮಿನ ಅಗತ್ಯವೇ ಬೀಳುವುದಿಲ್ಲ.

ಇವನ ಅಜ್ಜ ಇದೇ ಊರಲ್ಲಿ ರಾತ್ರಿ ಕಳೆದದ್ದು ಬಿಟ್ಟಿಯಾಗಿ. ಹಡಗಿನಲ್ಲಿ ವಾಂತಿ ಮಾಡುತ್ತ ಬಂದ ಹುಡುಗ, ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯುವ ಕೆಲಸ. ಸಂಜೆ ಕೆಲಸ ಮುಗಿಸಿ ಕನ್ನಡ ರಾತ್ರಿಶಾಲೆಗೆ ಓಟ. ತಿರುಗಿ ಬಂದ ಮೇಲೆ ಗಿರಾಕಿಗಳು ಎದ್ದುಹೋದ ಎರಡು ಮೇಜು ಜೋಡಿಸಿ, ಒದ್ದೆ ಬಟ್ಟೆಯಿಂದ ಸಾಂಬಾರಿನ ಕಲೆ ಒರೆಸಿ, ಅದರ ಮೇಲೆ ಚಾಪೆ. ಬೆಳಿಗ್ಗೆ ಇಡ್ಲಿಗೆ ಬೆಂಕಿ ಹಾಕುವವನು ಎಬ್ಬಿಸುವವರೆಗೆ ಹಾಸಿಗೆ ಅವನದು. ಈ ನಗರದ ಕನ್ನಡಿಗರ ಒಂದು ಇಡೀ ತಲೆಮಾರು ಹೀಗೆ ಮೇಜಿನ ಮೇಲೆ ಮಲಗಿ ಮೆಟ್ರಿಕ್ ಪಾಸಾಗಿದೆ. ಮೊಮ್ಮಗ ಈಗ ಡಾಲರು ಕೊಟ್ಟು ಅಷ್ಟೇ ಅಗಲದ ಜಾಗದಲ್ಲಿ, ಅಷ್ಟೇ ಹೊತ್ತು ಮಲಗುತ್ತಾನೆ. ವೈಫೈ ಉಂಟು ಅನ್ನುತ್ತಾನೆ.

ಅಷ್ಟರಲ್ಲಿ ವಾಟ್ಸಾಪ್ ಗುಂಪಿನಲ್ಲಿ ಮಹಾಸಭೆ ಕೂತಿತು. ಉಡುಪಿಯಿಂದ ಅಕ್ಕ: ಮಗು ಒಬ್ಬನೇ ಹೊರಗೆ ಹೋಗುವುದು ಬೇಡ. ಮಗುವಿಗೆ 34 ವರ್ಷ. ದುಬೈಯಿಂದ ಭಾವ: ಕಾರ್ಡ್ ತೋರಿಸಿ ಲೌಂಜಿನಲ್ಲಿ ಕೂರಲಿ, ಎರಡೇ ರೂಪಾಯಿ. ಆ ಎರಡು ರೂಪಾಯಿಗಾಗಿ ಲೌಂಜಿನ ಮುಂದೆ ನಿಲ್ಲುವ ಸಾಲು ಧರ್ಮಸ್ಥಳದ ಅನ್ನಛತ್ರದ ಸಾಲನ್ನು ನೆನಪಿಸುತ್ತದೆ. ಅನ್ನಛತ್ರದಲ್ಲಿ ಕ್ರೆಡಿಟ್ ಸ್ಕೋರ್ ಕೇಳುವುದಿಲ್ಲ ಎಂಬುದೊಂದೇ ವ್ಯತ್ಯಾಸ.

ಒಳಗೇ ಕೂರುವುದಾದರೆ ನೋಡುವುದಕ್ಕೇನೂ ಕಡಿಮೆಯಿಲ್ಲ. 2014ರಲ್ಲಿ ತೆರೆದ ಎರಡನೇ ಟರ್ಮಿನಲ್ಲಿನ ಗೋಡೆಗಳ ಮೇಲೆ ರಾಜೀವ್ ಸೇಥಿ ಅವರ ಉಸ್ತುವಾರಿಯಲ್ಲಿ ದೇಶದ ಮೂಲೆಮೂಲೆಯ ಸಾವಿರಾರು ಕಲಾಕೃತಿಗಳನ್ನು ಜೋಡಿಸಿದ್ದಾರೆ. ನಿಜವಾಗಿಯೂ ಚೆಂದ. ಅದರೆದುರು ಜನ ಟ್ರಾಲಿಗೆ ತಲೆಕೊಟ್ಟು, ಬಾಯಿ ತೆರೆದು ಮಲಗಿರುತ್ತಾರೆ. ಚಾರ್ಜರ್ ತೂತು ಇರುವ ಗೋಡೆಗಷ್ಟೇ ಪ್ರೇಕ್ಷಕರು.

ಊಟದ ಚಿಂತೆ ಬೇಡ ಎನ್ನುವವರಿಗೆ 2024ರ ಜನವರಿ 14ರ ರಾತ್ರಿ ನೆನಪಿರಲಿ. ಗೋವಾದಿಂದ ದೆಹಲಿಗೆ ಹೊರಟ ಇಂಡಿಗೋ ವಿಮಾನ ಮಂಜಿನ ಕಾರಣ ಮುಂಬೈಗೆ ಬಂದು ಇಳಿಯಿತು. ಕಾದು ಕಾದು ಸೋತ ಪ್ರಯಾಣಿಕರು ವಿಮಾನದ ಪಕ್ಕದಲ್ಲೇ ನೆಲದ ಮೇಲೆ ಪಂಕ್ತಿ ಹಾಕಿ ಊಟ ಮಾಡಿದರು. ವಿಡಿಯೋ ದೇಶವೆಲ್ಲ ಓಡಾಡಿತು. ಸರ್ಕಾರ ವಿಮಾನ ಕಂಪನಿಗೆ 1.20 ಕೋಟಿ, ನಿಲ್ದಾಣಕ್ಕೆ ಎರಡು ಕಂತಿನಲ್ಲಿ 90 ಲಕ್ಷ ದಂಡ ಹಾಕಿತು. ಇಷ್ಟು ದುಬಾರಿ ವನಭೋಜನ ಈ ಊರಲ್ಲಿ ಇನ್ನೊಂದು ನಡೆದಿರಲಾರದು.

ಅಕ್ಕನ ಮಗ ಕೊನೆಗೆ ಬಂದದ್ದು ನಮ್ಮ ಮನೆಗೇ. ಹನ್ನೆರಡೂವರೆಗೆ ಬಂದವ ಸೋಫಾದಲ್ಲಿ ಕೂತು "ಐದು ನಿಮಿಷ" ಎಂದು ಕಣ್ಣು ಮುಚ್ಚಿದ. ನೀರುದೋಸೆಯನ್ನು ನಾನು ತಿಂದೆ. ಮಾತುಕತೆಯ ಹತ್ತು ನಿಮಿಷ ಇನ್ನೂ ಬಾಕಿ ಇದೆ.

ಮುಂದೆ ಬರುವವರಲ್ಲಿ ಒಂದು ವಿನಂತಿ. 2025ರ ಡಿಸೆಂಬರ್ 25ರಿಂದ ನವಿ ಮುಂಬೈಯಲ್ಲೂ ವಿಮಾನಗಳು ಏರಿಳಿಯುತ್ತಿವೆ. ಟಿಕೆಟಿನಲ್ಲಿ ಮುಂಬೈ ಎಂದಿದ್ದ ಮಾತ್ರಕ್ಕೆ ನಂಬಬೇಡಿ, ಯಾವ ಮುಂಬೈ ಎಂದು ಕೋಡ್ ನೋಡಿ. ಸಹಾರಿನಲ್ಲಿ ಇಳಿದು ಖಾಡಿಯ ಆಚೆ ವಿಮಾನ ಹತ್ತುವ ಹಾಗಾದರೆ ನಮ್ಮ ಸೋಫಾ ನಿಮ್ಮ ದಾರಿಯಲ್ಲಿಲ್ಲ. ಬೆಳಿಗ್ಗೆ ಇಳಿದು ಮರುದಿನದ ವಿಮಾನಕ್ಕೆ ಕಾಯುವವರಿದ್ದರೆ ಅವರಿಗೆ ರಾತ್ರಿ ಹೇಗೆ ಕಳೆಯುವುದೆಂಬ ಪ್ರಶ್ನೆಯೇ ಬೇಡ. ಮತ್ಸ್ಯಗಂಧ ಎಕ್ಸ್‌ಪ್ರೆಸ್ ಮಧ್ಯಾಹ್ನ ಮೂರು ದಾಟಿದ ಮೇಲೆ ಕುರ್ಲಾ ಬಿಡುತ್ತದೆ. ನಿಮ್ಮ ವಿಮಾನ ಬಜ್ಪೆ ಮುಟ್ಟುವ ಮೊದಲೇ ಅದು ಉಡುಪಿಯಲ್ಲಿರುತ್ತದೆ.